ನೀಲಿಯಾಗದ ಟ್ಯೂಬು

ಸತ್ತವನ ಮೇಲೆ ಹೊಟ್ಟೆಕಿಚ್ಚುಪಡುವವನು ಈ ಲೋಕದಲ್ಲಿ ನಾನೊಬ್ಬನೇ ಇರಬೇಕು. ಅದೂ ಅವನ ಕೂದಲು ನನ್ನ ಕೈಯಲ್ಲೇ ಇರುವಾಗ!

ಅವನ ಹೆಂಡತಿ ನಮ್ಮ ಲ್ಯಾಬಿನ ಕೌಂಟರಿನಲ್ಲಿ ಕೂರುವವಳು. ಜನ ತರುವ ಬಾವಿ ನೀರಿಗೆ, ಮೀನಿಗೆ ನಂಬರ್ ಬರೆದು ಒಳಗೆ ನನಗೆ ಕಳಿಸುತ್ತಾಳೆ. ಅದರಲ್ಲಿ ಪಾದರಸ ಎಷ್ಟಿದೆ ಅಂತ ಸ್ಟಾಪ್‌ವಾಚ್ ಹಿಡಿದು ನೋಡುವುದು ನನ್ನ ಕೆಲಸ. ನನಗೆ ‘ಸ್ಟಾಪ್‌ವಾಚ್ ಸಾಹೇಬ್ರು’ ಅಂತ ಹೆಸರಿಟ್ಟವಳೂ ಅವಳೇ. ಹಾಗೆ ಕರೆಸಿಕೊಳ್ಳಲಿಕ್ಕೆಂದೇ ಒಂದು ವರ್ಷದಿಂದ ನಾನು ದಿನಕ್ಕೆ ಹತ್ತು ಸಲ ಕೌಂಟರಿಗೆ ಹೋಗುತ್ತಿದ್ದೆ.

ಆ ದಿನ ಊಟದ ಬಿಡುವಿನಲ್ಲಿ ಅವಳೇ ಒಳಗೆ ಬಂದಳು. ಕೈಯಲ್ಲೊಂದು ಲಕೋಟೆ.

“ಇದಕ್ಕೆ ನಂಬರ್ ಹಾಕಿಲ್ಲ,” ಅಂದಳು. “ನಮ್ಮ ಯಜಮಾನರ ಕೂದಲು. ಅವರ ಬಾಚಣಿಗೇನ ಅತ್ತೆ ಹಾಗೇ ಇಟ್ಟಿದ್ರು. ಕೇಳಿ ಇಸ್ಕೊಂಡು ಬಂದೆ.”

ಗಂಡ ತೀರಿಕೊಂಡು ಮೂರು ವರ್ಷ ಅಂತ ಗೊತ್ತಿತ್ತು. ಉಳಿದದ್ದನ್ನು ಅವತ್ತೇ ಹೇಳಿದಳು. ಅವನು ಗಿಲೀಟು ಕೆಲಸದವನು. ಚಿನ್ನವನ್ನು ಪಾದರಸದಲ್ಲಿ ಕಲಸಿ, ತಾಮ್ರಕ್ಕೆ ಬಳಿದು, ಬೆಂಕಿಗೆ ಹಿಡಿಯುತ್ತಿದ್ದ. ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತಿತ್ತು. ಮದುವೆಯಾದ ಐದನೇ ವರ್ಷಕ್ಕೆ ಅವನ ಕೈ ನಡುಗತೊಡಗಿತು. ಮೂಗಿನ ತುದಿಯಲ್ಲೇ ಸಿಟ್ಟು. ತಟ್ಟೆ ಎಸೆದ, ಬಾಗಿಲು ಹಾಕಿಕೊಂಡು ಕೂತ, ಕೊನೆಗೆ “ನಿನ್ನ ಮುಖ ನೋಡೋಕಾಗಲ್ಲ” ಅಂದ. ಅವಳು ತವರಿಗೆ ಹೋದಳು. ನಾಲ್ಕೇ ತಿಂಗಳಿಗೆ ಅವನ ಸಾವಿನ ಸುದ್ದಿ ಬಂತು.

“ಲ್ಯಾಬಿಗೆ ಸೇರಿದ ಮೇಲೆ ಗೊತ್ತಾಯ್ತು, ಆ ಹೊಗೆ ಕುಡಿದವರಿಗೆ ಹೀಗೆಲ್ಲ ಆಗುತ್ತೆ ಅಂತ. ಕಣ್ಣು ಮುಚ್ಚಿದ್ರೆ ಸಾಕು, ಅದೇ ಮಾತು ಕಿವಿಯಲ್ಲಿ. ಅದು ಅವರು ಹೇಳಿದ್ದೋ, ಪಾದರಸ ಹೇಳಿಸಿದ್ದೋ? ಅಷ್ಟು ಗೊತ್ತಾಗಲಿ ನನಗೆ.”

“ಗೊತ್ತಾದ್ರೆ?”

“ಪಾದರಸ ಇಲ್ಲ ಅಂತಾದ್ರೆ ಅವರನ್ನ ಅಲ್ಲಿಗೇ ಬಿಟ್ಟುಬಿಡ್ತೀನಿ.” ನನ್ನತ್ತ ಒಮ್ಮೆ ನೋಡಿ ತಟ್ಟನೆ ಕಣ್ಣು ತಗ್ಗಿಸಿದಳು. ಆ ಒಂದು ನೋಟ ಸಾಕಿತ್ತು, ಲಕೋಟೆ ಇಸಿದುಕೊಂಡೆ.

ಕೂದಲನ್ನು ಮೂರು ಸಲ ತೊಳೆದೆ, ತೊಳೆದ ನೀರಿನಲ್ಲಿ ಏನೂ ಸಿಗದಂತಾಗುವ ತನಕ. ಆಮೇಲೆ ಆಸಿಡ್‌ನಲ್ಲಿ ಕರಗಿಸಬೇಕು. ಹೋಲಿಸಿ ನೋಡಲು ಇನ್ನೊಬ್ಬರ ಕೂದಲೂ ಬೇಕಿತ್ತು. ನನ್ನದನ್ನೇ ಕತ್ತರಿಸಿಕೊಂಡೆ.

“ಅಯ್ಯೋ, ಇರೋದೇ ನಾಲ್ಕು!” ಅಂದಳು.

“ವಿಜ್ಞಾನಕ್ಕೋಸ್ಕರ ಮೂರು ಹೋಗಲಿ ಬಿಡಿ.”

ಮಾರನೆಯ ದಿನ ಮಧ್ಯಾಹ್ನ ಇಬ್ಬರೂ ಮೇಜಿನ ಮುಂದೆ ನಿಂತೆವು. ನಮ್ಮ ವಿಧಾನ ಸರಳ. ಬಣ್ಣವಿಲ್ಲದ ದ್ರಾವಣಕ್ಕೆ ಒಂದು ಹನಿ ಕಿಣ್ವ ಹಾಕಿದರೆ ನೀಲಿಯಾಗುತ್ತದೆ. ಆ ದ್ರಾವಣಕ್ಕೆ ಬೆರೆಸಿದ ಕೂದಲಿನಲ್ಲಿ ಪಾದರಸ ಚೂರೇ ಇದ್ದರೂ ಅದು ಕಿಣ್ವದ ಕೈಕಾಲು ಕಟ್ಟಿಹಾಕುತ್ತದೆ. ಪಾದರಸ ಹೆಚ್ಚಿದ್ದಷ್ಟೂ ನೀಲಿ ಬರುವುದು ತಡ.

ನನ್ನ ಕೂದಲಿನ ಟ್ಯೂಬಿಗೆ ಅವಳೇ ಸ್ಟಾಪ್‌ವಾಚ್ ಹಿಡಿದಳು. ಗಾಜಿನ ಆ ಕಡೆ ಅವಳ ಕಣ್ಣು, ಈ ಕಡೆ ನನ್ನದು. ನಡುವೆ ನೀಲಿ ಮೆಲ್ಲಗೆ ಏರುತ್ತಿತ್ತು.

“ಬಂತು,” ಅಂದೆ.

“ನಲವತ್ತೊಂದು ಸೆಕೆಂಡು. ಸಾಹೇಬ್ರು ಅಪ್ಪಟ ಚಿನ್ನ!” ಅಂತ ನಕ್ಕಳು.

ಅವನ ಟ್ಯೂಬು ಎತ್ತಿಕೊಂಡಾಗ ಅವಳ ನಗು ಹೋಯಿತು. “ನೀವೇ ನೋಡಿ. ನನ್ನ ಕೈಲಾಗಲ್ಲ,” ಅಂದು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು.

ಕಿಣ್ವ ಹಾಕಿದೆ. ನಲವತ್ತು ಸೆಕೆಂಡು. ಅರವತ್ತು. ನೂರು. ಟ್ಯೂಬು ತಿಳಿಯಾಗಿಯೇ ನಿಂತಿತ್ತು. ನನ್ನ ಹೆಗಲ ಹಿಂದೆ ಯಾರೋ ಬಗ್ಗಿ ನೋಡುತ್ತಿದ್ದಾರೆ ಅನ್ನಿಸಿತು. ಉಸಿರು ಕೂಡ ಕೇಳಿಸಿದ ಹಾಗಾಯಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ.

“ಪುಣ್ಯಾತ್ಮ, ನೀಲಿಯಾಗೋ,” ಅಂತ ಬೇಡಿಕೊಂಡೆ. “ನೀನಂತೂ ಹೋದೆ. ಅವಳನ್ನಾದ್ರೂ ಬಿಡು.”

ನೀಲಿ ಬರಲು ಐದು ನಿಮಿಷ ಬೇಕಾಯಿತು. ಮತ್ತೆರಡು ಸಲ ಮಾಡಿದೆ. ಅದೇ ಐದು ನಿಮಿಷ.

ಅವಳು ಏನನ್ನೂ ನೋಡಿರಲಿಲ್ಲ. ‘ನಲವತ್ತೈದು ಸೆಕೆಂಡು’ ಅಂತ ಒಂದು ಮಾತು ಸಾಕಿತ್ತು, ಅವಳು ನನ್ನವಳಾಗುತ್ತಿದ್ದಳು. ಬಾಗಿಲು ತೆಗೆದೆ. ಅವಳು ಎದ್ದು ನಿಂತಳು.

“ಐದು ನಿಮಿಷ,” ಅಂದೆ. “ಮೂರು ಸಲವೂ. ಮೈತುಂಬ ಪಾದರಸ ಇತ್ತು ಅವರಿಗೆ. ಆ ನಡುಕ, ಆ ಸಿಟ್ಟು, ಎಲ್ಲ ಅದರಿಂದಲೇ ಬರೋದು.”

ಅವಳು ಗೋಡೆ ಹಿಡಿದು ಕುಸಿದಳು. “ಕಾಯಿಲೆಯವರನ್ನ ಬಿಟ್ಟುಬಂದೆನಲ್ಲಾ ನಾನು!” ಅಂತ ಬಿಕ್ಕಿಬಿಕ್ಕಿ ಅತ್ತಳು. ತುಂಬ ಹೊತ್ತಿನ ಮೇಲೆ ತಲೆಯೆತ್ತಿ ಕೇಳಿದಳು, “ಅಂದ್ರೆ ಅವರಿಗೆ ನನ್ನ ಮೇಲೆ ಪ್ರೀತಿ ಇತ್ತು, ಅಲ್ವಾ?”

“ಇತ್ತು.” ಆ ಒಂದು ಮಾತು ಹೇಳಲು ನನಗೆಷ್ಟು ಸಂಕಟವಾಯಿತು ಅಂತ ದೇವರಿಗೇ ಗೊತ್ತು.

“ಇಲ್ಲ ಅಂತ ಹೇಳಬಹುದಿತ್ತಲ್ಲ ನೀವು. ನಿಮ್ಮ ಮನಸ್ಸು ನನಗೆ ಗೊತ್ತಿಲ್ವಾ?”

“ಹೇಳೋಣ ಅಂತಲೇ ಬಾಗಿಲು ತೆಗೆದೆ. ನಿಮ್ಮನ್ನ ಅಷ್ಟು ಇಷ್ಟಪಡ್ತೀನಿ. ನಿಮ್ಮನ್ನ ನೋಡಿದ ಮೇಲೆ ಬಾಯೇ ಬರಲಿಲ್ಲ.”

ಅವಳು ಕಣ್ಣೊರೆಸಿಕೊಂಡು ಎದ್ದಳು. “ಮೈದುನ ಈಗ ಅದೇ ಗಿಲೀಟು ಒಲೆ ಮುಂದೆ ಕೂರ್ತಾನೆ. ಅವನಿಗೂ ಈಚೆಗೆ ಸಿಟ್ಟು ಜಾಸ್ತಿಯಾಗಿದೆ ಅಂತ ಅತ್ತೆ ಅಂತಿದ್ರು. ಈಗಲೇ ಹೋಗಿ ಹೇಳಬೇಕು. ನೀವೂ ಬನ್ನಿ, ನಾನೊಬ್ಬಳೇ ಹೇಳಿದ್ರೆ ನಂಬಲ್ಲ.”

“ನಾನು ಯಾರು ಅಂತ ಹೇಳ್ತೀರಿ?”

“ನನಗೆ ಸುಳ್ಳು ಹೇಳದವರು ಅಂತೀನಿ. ಮಿಕ್ಕಿದ್ದು ಅತ್ತೆ ಅರ್ಥ ಮಾಡ್ಕೋತಾರೆ.”

ಕೋಟು ಬಿಚ್ಚಿಟ್ಟು ಹೊರಟೆ. ದಾರಿಯುದ್ದಕ್ಕೂ ಅವಳು ಗಂಡನ ಮಾತೇ ಆಡಿದಳು. ಮದುವೆಯಾದ ಹೊಸತರಲ್ಲಿ ಅವನು ಚಿನ್ನದ ಪುಡಿ ಮೆತ್ತಿದ ಬೆರಳಿನಿಂದ ಅವಳ ಮೂಗು ಹಿಂಡುತ್ತಿದ್ದನಂತೆ. ಹೇಳುತ್ತಾ ನಕ್ಕಳು, ಮತ್ತೆ ಅತ್ತಳು. ರಸ್ತೆ ದಾಟುವಾಗ ನನ್ನ ತೋಳು ಹಿಡಿದವಳು ದಾಟಿದ ಮೇಲೂ ಬಿಡಲಿಲ್ಲ. ನಾನು ಅವನ ಕಥೆ ಕೇಳುತ್ತಾ ನಡೆದೆ.