ಕಾಣೆಯಾದ ಫೋರೆನ್ಸಿಕ್ಸ್ ಸೀಟು

"ನನ್ನ ಫೋರೆನ್ಸಿಕ್ಸ್ ಇಲ್ಲ ಮೇಡಂ! ಯಾರೋ ತೆಗೆದಿದ್ದಾರೆ!"

ಸಾನಪಾಡಾದಲ್ಲಿರುವ ಅಪ್ಪನ ಹೋಟೆಲಿನ ಮೂಲೆ ಟೇಬಲ್ಲಿನಲ್ಲಿ ನಿಶಾ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಅವಳು ಓದುತ್ತಿದ್ದುದು ಮಾಹಿತಿ ಸುರಕ್ಷತೆಯ ಎಂ.ಎಸ್ಸಿ. ಮುಂದಿನ ಸೆಮಿಸ್ಟರಿಗೆ ವಿಷಯ ಆರಿಸಲು ಇವತ್ತು ಸಂಜೆಯೇ ಕೊನೆ. ನಿನ್ನೆ ಆರಿಸಿದ್ದ ಡಿಜಿಟಲ್ ಫೋರೆನ್ಸಿಕ್ಸ್ ಮಾಯವಾಗಿ, ಆ ಜಾಗದಲ್ಲಿ ಕ್ಲೌಡ್ ಸೆಕ್ಯುರಿಟಿ ಬಂದು ಕೂತಿತ್ತು.

ಎದುರಿಗೆ ಕೂತಿದ್ದ ಅವಳ ಪ್ರೊಫೆಸರ್ ಶ್ರೀವಾಣಿ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ.

"ಆ ವಿಷಯವೇ ಯಾಕೆ ಬೇಕು ನಿನಗೆ?"

"ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡಾಗ ನಾನು ಪುಣೆಯಲ್ಲಿ ಪರೀಕ್ಷೆ ಬರೀತಿದ್ದೆ. ಅವಳ ಫೋನಿನ ವಾಯ್ಸ್ ಮೆಸೇಜ್ ಎಲ್ಲ ಅಳಿಸಿಹೋಗಿವೆ. ಅಳಿಸಿದ್ದನ್ನು ಮರಳಿ ತೆಗೆಯೋದು ಫೋರೆನ್ಸಿಕ್ಸ್ ಲ್ಯಾಬಿನಲ್ಲಿ ಕಲಿಸ್ತಾರಲ್ಲ, ಅಲ್ಲಿ ಸಿಗಬಹುದು ಮೇಡಂ."

"ಲಾಗಿನ್ ಆಗಲು ಓಟಿಪಿ ಒಂದಿದ್ದರೆ ಸಾಕು. ಅದು ಯಾರ ಫೋನಿಗೆ ಬರುತ್ತೆ?"

"ಹೋಟೆಲಿನ ಫೋನಿಗೆ. ಮನೆಯ ಎಲ್ಲದಕ್ಕೂ ಅದೇ ನಂಬರು. ಕೌಂಟರಿನ ಮೇಲೇ ಇರ್ತದೆ."

ಸೆಕ್ಯುರಿಟಿ ಓದುವ ಹುಡುಗಿಯ ಮನೆಯ ಸೆಕ್ಯುರಿಟಿ ಇಷ್ಟು!

ನಿನ್ನೆ ಕೌಂಟರಿನ ಬಳಿ ಇದ್ದವರು ಮೂವರು — ಅಪ್ಪ ಪುಂಡರೀಕಾಕ್ಷ, ಅಣ್ಣ ವಿಶ್ರುತ, ಕಾಫಿಗೆ ಬಂದಿದ್ದ ಸಹಪಾಠಿ ಅನಘ. ಫೋರೆನ್ಸಿಕ್ಸ್ ಸೀಟಿಗಾಗಿ ಕಾಯುತ್ತಿರುವವರಲ್ಲಿ ಅನಘಳೇ ಮೊದಲು. ಸಂಜೆ ಪೋರ್ಟಲ್ ಮುಚ್ಚಿದರೆ ನಿಶಾಳ ಸೀಟು ಅವಳಿಗೇ.

ಶ್ರೀವಾಣಿ ಅನಘಳನ್ನು ಕರೆಸಿ ಕೂರಿಸಿದರು.

"ಸೀಟು ಬೇಕಿತ್ತು, ಹೌದು. ಲೇಕಿನ್ ಚೋರಿ ನಹೀ ಕೀ, ನಾನು ಕದ್ದಿಲ್ಲ ಮೇಡಂ!" ಅನಘ ಅಳುವುದೊಂದು ಬಾಕಿ.

"ಮತ್ತೆ ನೀನು, ವಿಶ್ರುತ?" ಶ್ರೀವಾಣಿ ಅಣ್ಣನತ್ತ ತಿರುಗಿದರು.

"ನಾನ್ಯಾಕೆ ತೆಗೀಲಿ? ನನಗೂ ಅಮ್ಮನ ಸ್ವರ ಕೇಳ್ಬೇಕು."

ಅಷ್ಟರಲ್ಲಿ ಪಾತ್ರೆ ತೊಳೆಯುವ ಮಾಪಣ್ಣ ಕೈ ಒರೆಸಿಕೊಳ್ಳುತ್ತ ಬಂದ. "ಅಣ್ಣಾರ, ನಾಳಿ ಊರಿಗೆ ಹೋಗ್ಬೇಕ್ರಿ."

"ಹೋಗು ಮಾರಾಯ," ಎಂದ ವಿಶ್ರುತ.

"ಬದಲಿ ಯಾರು?" ಗಲ್ಲಾದಿಂದ ಪುಂಡರೀಕಾಕ್ಷರು ಗದರಿದರು. "ಬದಲಿ ಜನ ಕೊಡದೆ ಇಲ್ಲಿಂದ ಯಾರೂ ಹೋಗುವ ಹಾಗಿಲ್ಲ!"

ಶ್ರೀವಾಣಿ ಮತ್ತೊಮ್ಮೆ ಪರದೆ ನೋಡಿದರು. ಎದ್ದು ನೇರ ಗಲ್ಲಾದ ಮುಂದೆ ನಿಂತರು.

"ಅನಘ ಆಗಿದ್ದರೆ ತೆಗೆದು ಸುಮ್ಮನಾಗುತ್ತಿದ್ದಳು. ಅವಳಿಗೆ ಬೇಕಾದ್ದು ಖಾಲಿ ಸೀಟು, ಅಷ್ಟೇ. ಇಲ್ಲಿ ಯಾರೋ ಬೇರೆ ವಿಷಯ ತುಂಬಿದ್ದಾರೆ — ಕ್ರೆಡಿಟ್ ಕಡಿಮೆಯಾಗಿ ನಿಶಾಳ ವರ್ಷ ಹಾಳಾಗಬಾರದು ಅಂತ! ಇದು ನಮ್ಮ ಕಣ್ಣಿಗೇ ಬೀಳಲಿಲ್ಲ. ಬದಲಿ ಇಡದೆ ಬಿಡದವರು ಯಾರು? ವಿಶ್ರುತನಂತೂ ಅಲ್ಲ, ಈಗಷ್ಟೇ ನೋಡಿದೆವು. ನೀವೇ, ಪುಂಡರೀಕಾಕ್ಷರೇ. ಅಮ್ಮನ ಮೆಸೇಜ್ ಮತ್ತೆ ಸಿಗಬಾರದು ಅಂತ ತಾನೇ ಇದು? ಅವನ್ನು ಅಳಿಸಿದ್ದೂ ನೀವೇ ಅಲ್ವಾ?"

ಪುಂಡರೀಕಾಕ್ಷರು ಗಲ್ಲಾ ಪೆಟ್ಟಿಗೆ ಮುಚ್ಚಿದರು.

"ಹೌದು, ನಾನೇ. ನಿಶಾಳನ್ನು ಕರೆಸಿ, ಕರೆಸಿ ಅಂತ ಇವಳಮ್ಮ ಆಸ್ಪತ್ರೆಯಿಂದ ನನಗೆ ಕಳಿಸ್ತಾ ಇದ್ಲು ಮೇಡಂ. ಪರೀಕ್ಷೆ ಮುಗೀಲಿ ಅಂದ್ಕೊಂಡೆ. ಅಷ್ಟು ಬೇಗ ಹೋಗ್ತಾಳೆ ಅಂತ ಯಾರಿಗೆ ಗೊತ್ತಿತ್ತು?" ಮಗಳತ್ತ ತಿರುಗಿದರು. "ಅವಳು ಎಂತ ಹೇಳಿದ್ದಳೋ ಎಲ್ಲ ನಾನೇ ಹೇಳ್ತೇನೆ ಮಗಾ. ಆ ಕ್ಲಾಸೊಂದು ಬೇಡ."

ನಿಶಾ ಲ್ಯಾಪ್‌ಟಾಪ್ ತನ್ನತ್ತ ಎಳೆದುಕೊಂಡಳು. ಫೋರೆನ್ಸಿಕ್ಸ್ ಮೇಲೆ ಒತ್ತಿದಳು. ಸೀಟು ಮರಳಿ ಅವಳ ಹೆಸರಿಗೆ ಬಂತು. ಆಮೇಲೆ ಅಪ್ಪನ ಮುಖ ನೋಡಿದಳು.

"ಬೇಡ ಪಪ್ಪಾ. ಅಮ್ಮ ಕರೆದದ್ದು ನನ್ನನ್ನು. ಅವಳ ಬಾಯಿಂದಲೇ ಕೇಳ್ತೇನೆ."