ಹೊಟ್ಟೆಯಡಿಯ ಗಿಡ್ಡ ರೆಕ್ಕೆ

"ದಾರ ಸಡಿಲ ಬಿಡ್ಬೇಡ ಕಣೇ. ಕೋಲು ಮೇಲೆತ್ತಿ ಹಿಡ್ಕೊ," ಎನ್ನುತ್ತಾ ರಾಸ್ಕೊ ಮಾವ ಬಲೆ ಹಿಡಿದು ನೀರಿನತ್ತ ಬಗ್ಗಿದ.

ಕೊರಿನ್‌ಳ ಗಾಳದ ಕೋಲು ಬಿಲ್ಲಿನಂತೆ ಬಾಗಿತ್ತು. ಎಳೆದೂ ಎಳೆದೂ ಕೊನೆಗೆ ಬಲೆಗೆ ಬಂದು ಬಿದ್ದದ್ದು ಅವಳ ತೋಳಿನಷ್ಟು ಉದ್ದದ ಮೀನು. ದಪ್ಪ ತಲೆ, ಬಾಯಿ ತುಂಬ ಹಲ್ಲು, ಬೆನ್ನ ಮೇಲೆ ಬಾಲದ ತನಕ ಓಡುವ ಒಂದೇ ಈಜುರೆಕ್ಕೆ.

"ಸ್ನೇಕ್‌ಹೆಡ್," ಅಂದ ಅಣ್ಣ ಡ್ವೇನ್. ಬೆಳಿಗ್ಗೆಯಿಂದ "ಏನಮ್ಮಾ, ಮೀನಿಗೆ ಪುಕ್ಸಟ್ಟೆ ಹುಳ ತಿನ್ಸೋಕ್ ಬಂದ್ಯಾ?" ಎಂದು ಕಾಡಿದವನು ಅವನೇ. ಈಗ ಅವನ ದನಿಯಲ್ಲಿ ಗೇಲಿ ಇರಲಿಲ್ಲ.

ಎಲ್ಲಿಂದಲೋ ಬಂದು ಊರಿನ ತೊರೆ ಕ್ರೀಕಿನಲ್ಲಿ ಸೇರಿಕೊಂಡು ಇಲ್ಲಿನ ಮೀನುಗಳನ್ನೆಲ್ಲ ನುಂಗುತ್ತಿರುವುದು ಈ ಸ್ನೇಕ್‌ಹೆಡ್. ಸಿಕ್ಕರೆ ನೀರಿಗೆ ಬಿಡಬೇಡಿ, ಕೊಂದುಬಿಡಿ ಎಂದು ದೋಣಿ ಕಟ್ಟುವ ಹಲಗೆಕಟ್ಟೆ ಡಾಕಿನ ಕಂಬಕ್ಕೆ ಬೋರ್ಡೇ ಹಾಕಿದ್ದಾರೆ. ಹಿಡಿದವರ ಬೆನ್ನನ್ನು ಎಲ್ಲರೂ ತಟ್ಟುತ್ತಾರೆ.

"ನಮ್ ಹುಡುಗಿ ಹಿಡಿದಿದ್ದು, ನಮ್ ಹುಡುಗಿ," ಎಂದು ಮಾವ ಡಾಕಿಗೆಲ್ಲ ಕೇಳುವಂತೆ ಸಾರಿದ. ಗಾಳ ಹಾಕುತ್ತಿದ್ದವರೆಲ್ಲ ಬಂದು ಸುತ್ತ ನಿಂತರು. ಯಾರೋ ಚಪ್ಪಾಳೆ ತಟ್ಟಿದರು. ಕೊರಿನ್ ಒಂದಿಂಚು ಎತ್ತರವಾದಳು.

ಮಾವ ಮರದ ದೊಣ್ಣೆ ತೆಗೆದುಕೊಂಡ. ಅಷ್ಟರಲ್ಲಿ ಮೀನು ಹಲಗೆಯ ಮೇಲೆ ಮಗ್ಗುಲಾಗಿ ಹೊರಳಿತು. ಅದರ ಹೊಟ್ಟೆಯಡಿ ಕೊರಿನ್‌ಳ ಕಣ್ಣು ನಿಂತಿತು.

ಶಾಲೆಯಲ್ಲಿ ಬಾಕ್ಸ್‌ಟರ್ ಮೇಡಂ ಮೀನಿನ ಭಾಗಗಳ ಪಾಠ ಮಾಡಿದ್ದರು. ಎದೆಯ ರೆಕ್ಕೆ, ಬೆನ್ನಿನ ರೆಕ್ಕೆ ಎಂದು ಹೇಳುತ್ತಾ ಹೋಗಿ ಕೊನೆಗೆ ಹೊಟ್ಟೆಯಡಿ ಬಾಲದ ಕಡೆಗಿರುವುದಕ್ಕೆ 'ಗುದರೆಕ್ಕೆ' ಅಂದರು. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು. ಮೇಡಂ ಕಾದು, "ನಗಾಡಿ. ಮರೆಯೋದಿಲ್ಲ. ಸ್ನೇಕ್‌ಹೆಡ್‌ಗೆ ಅದು ಉದ್ದ. ನೋಡೋಕೆ ಅದೇ ಥರ ಇರೋ ನಮ್ಮ ಬೋಫಿನ್‌ಗೆ ಗಿಡ್ಡ," ಅಂದಿದ್ದರು.

ಇದಕ್ಕೆ ಗಿಡ್ಡ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ರಾತ್ರಿ ಊಟದ ಹೊತ್ತಿಗೆ ಮನೆಯಲ್ಲಿ ಬರೀ ಅವಳದೇ ಮಾತು. ಮೀನಿನ ಕಿವಿರು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಮಾವ, ತಡಿ. ಇದು ಸ್ನೇಕ್‌ಹೆಡ್ ಅಲ್ಲ, ಬೋಫಿನ್. ನಮ್ ಕ್ರೀಕಿಂದೇ ಮೀನು."

"ಹಾಗಂತ ಅದು ನಿನ್ ಕಿವೀಲಿ ಹೇಳ್ತಾ?" ಅಂದ ಡ್ವೇನ್.

"ಅದ್ರ ಗುದರೆಕ್ಕೆ ನೋಡು."

ಡಾಕಿಡೀ ನಕ್ಕಿತು. ಡ್ವೇನ್ ಹೊಟ್ಟೆ ಹಿಡಿದುಕೊಂಡು ಕೂತೇಬಿಟ್ಟ. "ಏನ್ ರೆಕ್ಕೆ? ಇನ್ನೊಂದ್ಸಲ ಹೇಳು."

ಕೊರಿನ್‌ಳ ಕಿವಿ ಬಿಸಿಯಾಯಿತು. "ಗುದರೆಕ್ಕೆ," ಅಂದಳು, ಇನ್ನೂ ಜೋರಾಗಿ.

"ಪುಟ್ಟಿ, ಇಂಥವನ್ನ ಎಷ್ಟೋ ಹೊಡೆದಿದೀನಿ ನಾನು. ಹಲ್ಲು ನೋಡು, ಮೈ ನೋಡು," ಎಂದು ಮಾವ ದೊಣ್ಣೆ ಎತ್ತಿದ.

ಕೊರಿನ್ ಮೀನಿಗೆ ಅಡ್ಡವಾಗಿ ಕೂತಳು. ಮಡಚುವ ಕುರ್ಚಿಯಲ್ಲಿದ್ದ ಪಕ್ಕದ ಮನೆಯ ವಯೋಲಾ ಅಜ್ಜಿಯತ್ತ ತಿರುಗಿದಳು. "ಅಜ್ಜಿ, ಬೆಳಿಗ್ಗೆ ನಿಮಗೊಂದು ಸ್ನೇಕ್‌ಹೆಡ್ ಸಿಕ್ಕಿತ್ತಲ್ವಾ? ಒಂದ್ನಿಮಿಷ ಕೊಡ್ತೀರಾ?"

"ಕೊಡ್ತೀನಿ. ಜೋಳದ ಹಿಟ್ಟಲ್ಲಿ ಹೊರಳಿಸಿ ಕರಿಯೋಕೆ ಇಟ್ಕೊಂಡಿರೋದು ಅದು. ಪಾಠ ಮುಗಿದ್ಮೇಲೆ ವಾಪಸ್ ಬರ್ಬೇಕು," ಎನ್ನುತ್ತಾ ಅಜ್ಜಿ ಐಸ್ ಪೆಟ್ಟಿಗೆ ತೆರೆದರು.

ಎರಡು ಮೀನುಗಳನ್ನೂ ಅಕ್ಕಪಕ್ಕ ಇಟ್ಟಾಯಿತು. ಅಜ್ಜಿಯ ಮೀನಿಗೆ ಹೊಟ್ಟೆಯ ನಡುವಿನಿಂದ ಬಾಲದ ಬುಡದವರೆಗೂ ರೆಕ್ಕೆ ಅಂಚು ಕಟ್ಟಿದ ಹಾಗೆ ಹೋಗಿತ್ತು. ಕೊರಿನ್‌ಳ ಮೀನಿನದು ಅವಳ ಅಂಗೈಗಿಂತ ಚಿಕ್ಕದು.

ಒಬ್ಬೊಬ್ಬರದಾಗಿ ನಗು ನಿಂತಿತು. ಡ್ವೇನ್ ಬಗ್ಗಿ ಗೇಣು ಹಾಕಿ ನೋಡಿದ, ಇನ್ನೊಂದು ಸಲ ಹಾಕಿದ. "ಹೌದಲ್ಲೇ," ಅಂದ.

ಮಾವ ಎರಡೂ ರೆಕ್ಕೆಗಳ ಮೇಲೆ ಬೆರಳು ಎಳೆದು ನೋಡಿದ. "ನಾನು ಹೊಡೆದಿದ್ರಲ್ಲಿ ಬೋಫಿನ್ ಎಷ್ಟಿದ್ವೋ ಏನೋ," ಎಂದು ಮೆಲ್ಲಗೆ ಹೇಳಿದ.

"ಅದನ್ನ ಆಮೇಲೆ ಯೋಚ್ನೆ ಮಾಡು. ಮೊದ್ಲು ದೊಣ್ಣೆ ಕೆಳಗಿಡು, ರಾಸ್ಕೊ," ಅಂದರು ಅಜ್ಜಿ.

ಕೊರಿನ್ ಮೀನನ್ನು ಒದ್ದೆ ಬಲೆಯಲ್ಲೇ ಎತ್ತಿಕೊಂಡು ತಾನು ಗಾಳ ಹಾಕಿದ್ದ ದಡದ ಜೊಂಡಿನ ಹತ್ತಿರ ಇಳಿದಳು. ಜನ ದಾರಿ ಬಿಟ್ಟರು. ನೀರಿಗೆ ಬಿಟ್ಟಾಗ ಮೀನು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಮೂತಿ ಮೇಲೆತ್ತಿ ಒಂದು ಗುಟುಕು ಗಾಳಿ ನುಂಗಿ, ಬಾಲ ಬೀಸಿ ಒಳಗೆ ನುಗ್ಗಿತು.

ಜೊಂಡಿನ ಬುಡದಲ್ಲಿ ಶಾಯಿ ಚೆಲ್ಲಿದಂತೆ ಕಪ್ಪಗೆ ಏನೋ ಅಲುಗಿತು. ಅದು ಒಡೆಯಿತು, ಹರಡಿತು, ಮೀನಿನ ಸುತ್ತ ಮತ್ತೆ ಕೂಡಿಕೊಂಡಿತು. ಉಗುರಿನಷ್ಟು ಉದ್ದದ ಮರಿಗಳು, ಎಣಿಸಲಾಗದಷ್ಟು.

"ಅದ್ರ ಮರಿಗಳಾ?" ಡ್ವೇನ್ ಪಿಸುಗುಟ್ಟಿದ.

"ಹೂಂ. ಬೋಫಿನ್‌ನಲ್ಲಿ ಮರಿ ಕಾಯೋದು ಅಪ್ಪ."

ಹಾಗಾದರೆ ಅದು ಹಸಿವಿಗೆ ಗಾಳ ಕಚ್ಚಿದ್ದಲ್ಲ. ಮರಿಗಳ ಹತ್ತಿರ ಬಂದದ್ದನ್ನು ಕಚ್ಚಿ ಓಡಿಸಲು ನೋಡಿತ್ತು.

"ಆ ಕಡೆ ಗಾಳ ಹಾಕ್ಬೇಡಿ," ಅಂದಳು ಕೊರಿನ್, ಯಾರಿಗೂ ಅಂತಲ್ಲದೆ.

ಮೊದಲು ಡ್ವೇನ್ ತನ್ನ ದಾರ ಸುತ್ತಿಕೊಂಡ. ಆಮೇಲೆ ಮಾವ. ಆಮೇಲೆ ಡಾಕಿನ ಉದ್ದಕ್ಕೂ ದಾರಗಳು ಒಂದೊಂದಾಗಿ ನೀರಿನಿಂದ ಮೇಲೆದ್ದವು.