ಏರಿನಲ್ಲಿ ಬಂದ ದಮ್ಮು

೧೯೭೫ನೇ ಇಸವಿ ಜನವರಿ ಇಪ್ಪತ್ತೊಂದು, ಬೆಳಗಿನ ಎಂಟೂವರೆ. ಹೊಳಲ್ಕೆರೆ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಮರುಳಸಿದ್ದಪ್ಪ ಟೀ ಲೋಟ ಬಾಯಿಗೆ ಹಿಡಿಯುವಷ್ಟರಲ್ಲಿ, ಹಿರಿಯೂರು ಕಡೆಯ ಆದಿವಾಲದ ಕಾಟಯ್ಯ ಬಂದು ಬಾಗಿಲಲ್ಲೇ ಕುಸಿದು ಕುಳಿತ.

"ನನ್ ತಂಗೀನ ಅವ್ಳ ಗಂಡ ವಿಷ ಹಾಕಿ ಕೊಂದವ್ನೆ ಸಾಮಿ. ಬರ್ಕಳ್ರಿ."

ಹೆಡ್ ಕಾನ್‌ಸ್ಟೇಬಲ್ ಹನುಮಂತಪ್ಪ ಬರೆದುಕೊಂಡ. ಕಾಟಯ್ಯನ ತಂಗಿ ಉಚ್ಚಂಗಮ್ಮನನ್ನು ತಾಳ್ಯದ ಕುರಿಗಾಹಿ ಚಿತ್ತಪ್ಪನಿಗೆ ಕೊಟ್ಟಿತ್ತು. ತುಂಬಿದ ಬಸುರಿ. ಹಿಂದಿನ ಸಂಜೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ಚಿತ್ರದುರ್ಗದ ಆಸ್ಪತ್ರೆಗೇ ಒಯ್ಯಬೇಕು ಎಂದಳು ಸೂಲಗಿತ್ತಿ ಜಯಕ್ಕ. ಹೊಳಲ್ಕೆರೆಯ ಗೌಸ್ ಪೀರ್‌ನ ಟ್ಯಾಕ್ಸಿ ತರಿಸಿದರು. ಹೊರಡುವ ಮುಂಚೆ ಚಿತ್ತಪ್ಪ ತನ್ನ ಕೈಯಾರೆ ಕಷಾಯ ಕಾಸಿ ಹೆಂಡತಿಗೂ ಜಯಕ್ಕನಿಗೂ ಕುಡಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಕಾರಿನ ಹಿಂದಿನ ಕದ ತೆಗೆದರೆ ಉಚ್ಚಂಗಮ್ಮನ ಜೀವ ಹೋಗಿತ್ತು. ಜಯಕ್ಕನಿಗೆ ಪ್ರಜ್ಞೆ ಇರಲಿಲ್ಲ. ಮುಂದೆ ಕುಳಿತಿದ್ದ ಚಿತ್ತಪ್ಪನಿಗೂ ಡ್ರೈವರನಿಗೂ ಕೂದಲೂ ಕೊಂಕಿರಲಿಲ್ಲ.

"ಕುಡಿದೋರಿಬ್ರೂ ಬಿದ್ರು, ಕುಡೀದೋರಿಬ್ರೂ ಚೆನ್ನಾಗವ್ರೆ. ಇನ್ನೇನ್ ಬೇಕು ಸಾಮಿ?" ಎಂದ ಕಾಟಯ್ಯ. "ಎರಡು ಹೆಣ್ಣು ಹೆತ್ಲು ಅಂತ ದಿನಾ ಮೂದಲಿಸ್ತಿದ್ದ. ಇನ್ನೊಂದ್ ಮದ್ವೆ ಮ್ಯಾಲೆ ಕಣ್ಣಿತ್ತು ಅವ್ನಿಗೆ."

ಮರುಳಸಿದ್ದಪ್ಪನಿಗೂ ಇನ್ನೇನೂ ಬೇಕಿರಲಿಲ್ಲ. ಹೆಂಡತಿ ಸತ್ತರೆ ಮೊದಲು ಗಂಡನ ಕೈ ನೋಡು ಎಂಬುದು ಅವನ ನೌಕರಿಯ ಪಾಠ, ಹತ್ತಕ್ಕೆ ಎಂಟು ಸಲ ಅದು ಸುಳ್ಳಾಗಿರಲಿಲ್ಲ. ಕೊಲೆಯ ಕಲಂ ಹಾಕಿ ಎಫ್‌ಐಆರ್ ಆಯಿತು. ಮಧ್ಯಾಹ್ನದೊಳಗೆ ಚಿತ್ತಪ್ಪ ಠಾಣೆಯ ನೆಲದ ಮೇಲೆ ಕುಳಿತಿದ್ದ. ಉದ್ದ ಆಸಾಮಿ, ಕಣ್ಣು ಕೆಂಡದ ಹಾಗಾಗಿತ್ತು, ಅಳು ಮಾತ್ರ ಇರಲಿಲ್ಲ.

"ಕಷಾಯದಾಗೆ ಏನ್ ಹಾಕಿದ್ದೆ?"

"ಶುಂಠಿ, ಮೆಣಸು, ಬೆಲ್ಲ. ಚಳಿ ಇತ್ತಲ್ಲ ಸಾಮಿ."

"ನೀನ್ಯಾಕೆ ಕುಡೀಲಿಲ್ಲ?"

"ಹೆಂಗಸ್ರಿಗೆ ಅಂತ ಕಾಸಿದ್ದು."

"ದಾರ್ಯಾಗೆ ಏನಾತು?"

"ಗುಡ್ಡದ ಏರಿನಾಗೆ ದಮ್ಮು ಬಂತು ಸಾಮಿ. ಆಮ್ಯಾಲೆ ಅವ್ಳ ದನೀನೇ ಕೇಳ್ಲಿಲ್ಲ."

ಹನುಮಂತಪ್ಪ ಅದನ್ನು ದುಂಡಗೆ ಬರೆದ: ದಾರಿಯಲ್ಲಿ ಮೃತಳಿಗೆ ದಮ್ಮು ಬಂದಿತು. ದಮ್ಮು ಬಂತು ಎಂದರೆ ಈ ಸೀಮೆಯಲ್ಲಿ ಉಬ್ಬಸ ಬಂತು ಎಂದೇ ಅರ್ಥ. ಕಾಟಯ್ಯ ಎಗರಿಬಿದ್ದ. "ಯಾರಿಗ್ಲೇ ದಮ್ಮು? ಮೊನ್ನೆ ಮೊನ್ನೆ ತಂಕ ಕುರಿ ಹಿಂದೆ ಗುಡ್ಡ ಹತ್ತಿ ಇಳೀತಿದ್ಲು ನನ್ ತಂಗಿ!" ಚಿತ್ತಪ್ಪ ಏನೋ ಹೇಳಲು ಬಾಯಿ ತೆರೆದ. ಮರುಳಸಿದ್ದಪ್ಪ, ಸಾಕು ಎಂದು ಕೈ ಎತ್ತಿದ. ಒಂದು ಸುಳ್ಳು ಸಿಕ್ಕಿತ್ತು, ಅದು ಸಾಕಾಗಿತ್ತು. ಮರುದಿನ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಪೊಲೀಸ್ ಕಸ್ಟಡಿಗೆ ತೆಗೆದುಕೊಂಡದ್ದಾಯಿತು. ತಾಳ್ಯದ ಮನೆಯಲ್ಲಿ ಎರಡು ಹೆಣ್ಣು ಮಕ್ಕಳು ಅಜ್ಜಿಯ ಮಡಿಲಲ್ಲಿದ್ದವು. ಅಪ್ಪ ಗಲ್ಲಿಗೆ ಹೋದರೆ ಅವುಗಳಿಗೆ ಆ ಮುದುಕಿ ಬಿಟ್ಟರೆ ಯಾರೂ ಇರಲಿಲ್ಲ.

ಅದೇ ದಿನ ಮಧ್ಯಾಹ್ನ ಚಿತ್ರದುರ್ಗದಲ್ಲಿ ಶವಪರೀಕ್ಷೆ ಮಾಡಿದ ಡಾಕ್ಟರು ಮಾತನ್ನು ಸುತ್ತಿ ಬಳಸಿ ಆಡಲಿಲ್ಲ.

"ಹೊಟ್ಟೆಯ ಭಾಗಗಳನ್ನ ಬೆಂಗಳೂರಿಗೆ ಕಳಿಸಿದ್ದೀನಿ, ವಿಷ ಇದ್ರೆ ಅವರು ಹೇಳ್ತಾರೆ. ನನಗೆ ಕಂಡಿಲ್ಲ. ಉಬ್ಬಸವಂತೂ ಅಲ್ಲ. ಆದ್ರೆ ರಕ್ತ ನೋಡಿ ಇನ್ಸ್‌ಪೆಕ್ಟ್ರೇ, ಕುಂಕುಮ ಕಲಸಿದ ಹಾಗಿದೆ. ಬಾಗಿಲು ಮುಚ್ಚಿ, ಒಳಗೆ ಇದ್ದಿಲ ಕೆಂಡ ಇಟ್ಕೊಂಡು ಮಲಗಿ ಸತ್ತವರಲ್ಲಿ ಹೀಗೆ ನೋಡಿದ್ದೀನಿ."

"ಓಡೋ ಕಾರಿನಲ್ಲಿ ಕೆಂಡ ಯಾರು ಇಡ್ತಾರೆ ಡಾಕ್ಟ್ರೇ?"

"ಅದನ್ನ ನೀವು ಹೇಳ್ಬೇಕು. ಮಗು ಗಂಡು. ಪಂಚನಾಮೆಗೆ ಬೇಕಾಗುತ್ತೆ, ಬರ್ಕೊಳ್ಳಿ."

ಮರುಳಸಿದ್ದಪ್ಪ ಬರೆದುಕೊಂಡ. ಅವನ ಮನೆಯಲ್ಲೂ ಹೆಂಡತಿಗೆ ಆಗ ಏಳು ತಿಂಗಳು.

ಜಯಕ್ಕ ಅದೇ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದಳು. ಹುಷಾರಾಗಿ ಮಾತಾಡಿದ್ದು ಇಪ್ಪತ್ತಮೂರರ ಬೆಳಿಗ್ಗೆ.

"ಕಷಾಯ ಕುಡಿದ ಮೇಲೆ ಹೊಟ್ಟೆ ಉರೀತಾ?"

"ಇಲ್ಲಪ್ಪ, ಹಿತವಾಗಿತ್ತು. ತಲೆ ಸಿಡಿಯಾಕತ್ತಿದ್ದು ಕಾರಿನಾಗೆ. ಆಮ್ಯಾಲೆ ವಾಂತಿ. ಗಾಜು ಒಂಚೂರು ಇಳಿಸಿ ಮುಖ ಹೊರಗಿಟ್ಟೆ, ಅಷ್ಟೇ ನೆನಪು."

"ಗಾಜು ಹಾಕಿತ್ತಾ?"

"ಹಾಕ್ದೆ? ನೋವು ತಿನ್ನೋ ಬಸುರಿಗೆ ಗಾಳಿ ತಾಗಿದ್ರೆ ಸನ್ನಿ ಆಗ್ತದೆ. ಹಿಂದೆ ಎರಡೂ ಗಾಜು ಹಾಕಿ, ಮುಂದ್ಲ ಸೀಟಿಗೂ ನಮಗೂ ನಡುವೆ ಚಿತ್ತಪ್ಪ ತನ್ನ ಕಂಬ್ಳಿ ಕಟ್ಟಿದ್ದ. ಗಂಡಸರ ಕಣ್ಣು ಬೀಳಬಾರ್ದಲ್ಲ. ಮುಂದೆ ಅವರದ್ದು ಗಾಜು ತೆಗೆದೇ ಇತ್ತು."

"ಅವ್ಳಿಗೆ ದಮ್ಮು ಬಂದಿದ್ದು ಯಾವಾಗ?"

"ಅವ್ಳಿಗೆಲ್ಲಿ ದಮ್ಮು? ಗಾಡಿಗೆ ಸಾಮಿ! ಏರು ಹತ್ತುವಾಗ ಗೌಸಣ್ಣ ಕುಣಿದಂಗೆ ಕೂಗ್ದ, 'ದಮ್ಮು ಬಂತು ನೋಡ್ರಿ, ದಮ್ಮು ಬಂತು, ಗೇರೇ ಬ್ಯಾಡ' ಅಂತ. ನಂಗೆ ಕೇಳಿದ್ದು ಆ ಮಾತೇ ಕಡೇದು."

ಮರುಳಸಿದ್ದಪ್ಪ ಸ್ಟೂಲಿನಿಂದ ಎದ್ದ. ಉಸಿರಿಗೂ ದಮ್ಮು, ಉಬ್ಬಸಕ್ಕೂ ದಮ್ಮು, ಇಂಜಿನ್ನಿನ ಶಕ್ತಿಗೂ ದಮ್ಮು. ಹುಟ್ಟಿದಾಗಿನಿಂದ ಆಡಿದ ಮಾತು, ಯಾರ ದಮ್ಮು ಎಂದು ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಚಿತ್ತಪ್ಪ ಬಾಯಿ ತೆರೆದಿದ್ದ, ತಾನು ಕೈ ಎತ್ತಿದ್ದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಧ್ಯಾಹ್ನ ಮೂರಕ್ಕೆ ಅವನೂ ಹನುಮಂತಪ್ಪನೂ ಮೋಟಾರು ವಾಹನ ತಪಾಸಣೆಯ ಅಧಿಕಾರಿಯನ್ನೂ ಇಬ್ಬರು ಪಂಚರನ್ನೂ ಕರೆದುಕೊಂಡು ಗೌಸ್ ಪೀರ್‌ನ ಶೆಡ್ಡಿಗೆ ಹೋದರು. ಅದು ಹೊಳಲ್ಕೆರೆ ಸಂತೆ ಮೈದಾನದ ಹಿಂದೆ, ತಗಡಿನ ಮಾಡು. ಗೌಸ್ ಪೀರ್ ಮೂವತ್ತೈದರ ಬಡಕಲು ಮನುಷ್ಯ. ಡ್ರೈವರನೂ ಅವನೇ, ಮೆಕ್ಯಾನಿಕ್ಕೂ ಅವನೇ. ಬಸುರಿ ಹೆಂಗಸರಿಂದ ಬಾಡಿಗೆ ಮುಟ್ಟುವವನಲ್ಲ ಎಂದು ಊರಲ್ಲೆಲ್ಲ ಹೆಸರು.

ಅಧಿಕಾರಿ ಬಾನೆಟ್ ಎತ್ತಿ ಒಂದೊಂದಾಗಿ ಪ್ಲಗ್ ಬಿಚ್ಚಿ, ಮೀಟರು ಇಟ್ಟು ನೋಡಿದರು.

"ಸಣ್ಣ ಪೆಟ್ರೋಲ್ ಇಂಜಿನ್. ನಾಲ್ಕು ಸಿಲಿಂಡರ್, ಸಾವಿರ ಚಿಲ್ಲರೆ ಸಿಸಿ. ಹೊಸದಿದ್ದಾಗ ನಲವತ್ತು ಕುದುರೆ ಶಕ್ತಿ. ಈಗ ರಿಂಗು ಸವೆದು ಕಂಪ್ರೆಷನ್ ಬಿದ್ದೋಗಿದೆ, ಇಪ್ಪತ್ತೈದು ಇದ್ರೆ ಹೆಚ್ಚು. ನಾಲ್ಕು ಜನರನ್ನ ಕೂರಿಸ್ಕೊಂಡು ಆ ಏರಿನಲ್ಲಿ ಸೆಕೆಂಡ್ ಗೇರಿಗೂ ಒದ್ದಾಡುತ್ತೆ ಇದು."

"ಗೇರೇ ಇಳಿಸದೆ ಹತ್ತಿತಂತೆ."

"ಈ ಇಂಜಿನ್ನಾ? ಸಾಧ್ಯವಿಲ್ಲ."

ಹನುಮಂತಪ್ಪ ಹಿಂದಿನ ಸೀಟು ಎತ್ತಿದ. ಅದರ ಕೆಳಗೆ ತುಕ್ಕು ಹಿಡಿದ ತಗಡಿನ ನಡುವೆ ಅಂಗೈಯಗಲದ ಹೊಸ ತೇಪೆ ಫಳಫಳ ಹೊಳೆಯಿತು. ಕಾರಿನ ಅಡಿ, ಹೊಗೆ ಕೊಳವೆಯ ನಡುವೆ ಒಂದು ಮೊಳ ಹೊಚ್ಚ ಹೊಸ ತುಂಡು.

"ದಮ್ಮು ಎಲ್ಲಿಂದ ಬಂತು ಗೌಸ್?" ಎಂದು ಮರುಳಸಿದ್ದಪ್ಪ ಮೆತ್ತಗೆ ಕೇಳಿದ.

"ಯಾವ ದಮ್ಮು ಸಾಹೇಬ್ರೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೌಸ್ ಪೀರ್‌ನ ಕಣ್ಣು ಶೆಡ್ಡಿನ ಹಿಂದಿನ ಸೇದುಬಾವಿಯ ಕಡೆ ಹೋಗಿ ಬಂತು. ನೆರೆಮನೆಯಿಂದ ಪಾತಾಳಗರಡಿ ತರಿಸಿದರು. ಬಿದ್ದ ಕೊಡ ಎತ್ತುವ ಆ ಕೊಕ್ಕೆಗಳಿಗೆ ನಾಲ್ಕನೇ ಸಲಕ್ಕೆ ಸಿಕ್ಕಿದ್ದು ಬಸವನಹುಳುವಿನ ಆಕಾರದ ಒಂದು ಕಬ್ಬಿಣದ ಬುರುಡೆ, ಅದಕ್ಕೆ ಬೆಸೆದ ಮೊಳದುದ್ದ ಕೊಳವೆ. ಬೆಸುಗೆಯ ಸುತ್ತ ಹೆಬ್ಬೆರಳಗಲದ ಬಿರುಕು, ಬಿರುಕಿನ ತುಂಬ ಮಸಿ.

ಅಧಿಕಾರಿ ಅದನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. "ಟರ್ಬೊ. ಗಣಿಗಳ ವಿದೇಶಿ ಯಂತ್ರಗಳಲ್ಲಿ ಇರುತ್ತೆ. ಇಂಜಿನ್ ಬಿಡೋ ಹೊಗೆ ಈ ಚಕ್ರ ತಿರುಗಿಸುತ್ತೆ, ಈ ಚಕ್ರ ಇಂಜಿನ್ನಿಗೆ ಗಾಳಿ ಊದುತ್ತೆ, ಶಕ್ತಿ ಹೆಚ್ಚುತ್ತೆ. ಬಾನೆಟ್ಟಿನಲ್ಲಿ ಜಾಗ ಸಾಲದೆ ಸೀಟಿನ ಕೆಳಗೆ ಕಟ್ಟಿದ್ದಾನೆ. ಚಕ್ರ ಅಡ್ಡ ಇರೋದ್ರಿಂದ ಹೊಗೆ ಒತ್ತಿಕೊಂಡು ನಿಲ್ಲುತ್ತೆ. ಬಿರುಕು ಸಿಕ್ಕಿದ್ರೆ ಅಲ್ಲೇ ನುಗ್ಗುತ್ತೆ. ತಗಡಿನಲ್ಲೂ ತೂತು."

ಡಾಕ್ಟರು ಹೇಳಿದ ಕೆಂಡ ಸಿಕ್ಕಿತ್ತು; ಮುಚ್ಚಿದ ಕೋಣೆಯ ಕೆಂಡ ಬಿಡುವ ವಿಷಗಾಳಿಯೇ ಇಂಜಿನ್ನಿನ ಹೊಗೆಯಲ್ಲೂ ಇತ್ತು. ಪಂಚನಾಮೆ ಬರೆದು, ಪಂಚರ ರುಜು ಹಾಕಿಸಿ, ಬುರುಡೆಯನ್ನೂ ಕಾರಿನಲ್ಲೇ ಉಳಿದಿದ್ದ ಚಿತ್ತಪ್ಪನ ಕಂಬಳಿಯನ್ನೂ ಗೋಣಿಚೀಲದಲ್ಲಿ ಕಟ್ಟಿ ಅರಗಿನ ಮೊಹರು ಒತ್ತಿದರು.

ಸಂಜೆ ಠಾಣೆಯಲ್ಲಿ ಗೌಸ್ ಪೀರ್ ಏನನ್ನೂ ಮುಚ್ಚಿಡಲಿಲ್ಲ.

"ಎಲ್ಲಿಂದ ತಂದೆ?"

"ಹೊಸದುರ್ಗದ ಗುಜರಿಯಿಂದ."

"ಯಾಕೆ?"

"ನನ್ನಾಕೆ ಮಲೀಕಾ ಇದೇ ಏರಿನಾಗೆ ಹೋದ್ಳು ಸಾಹೇಬ್ರೆ, ಎರಡು ವರ್ಷ ಆತು. ಚೊಚ್ಚಲ ಹೆರಿಗೆ. ಅರ್ಧ ಏರಿಗೆ ಇಂಜಿನ್ನು ದಮ್ಮು ಕಟ್ಟಿ ನಿಂತ್ಬಿಡ್ತು. ಗಾಲಿಗೆ ಕಲ್ಲು ಕೊಟ್ಟು ಕೊಟ್ಟು ಒಬ್ನೇ ತಳ್ದೆ. 'ಹತ್ತಮ್ಮಾ, ಹತ್ತು' ಅಂತ ಗಾಡಿಗೆ ಗೋಗರೆದೆ. ಒಳಗೆ ಅವ್ಳು ಕೂಗ್ತಿದ್ಳು. ಆಮೇಲೆ ಕೂಗ್ಲಿಲ್ಲ. ಇನ್ನೊಬ್ಬಳು ಆ ಏರಿನಾಗೆ ಸಾಯಬಾರ್ದು ಅಂತ ಕಟ್ದೆ."

"ಹಿಂದೆ ಕುಂತೋರಿಗೆ ಮುಂಚೆ ಏನಾದ್ರೂ ಆಗಿತ್ತಾ?"

"ತಲೆನೋವು. ವಾಂತಿ."

"ಯಾಕೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಬೆಸುಗೆ ನಿಲ್ತಿರ್ಲಿಲ್ಲ. ಬಿಚ್ಚಿದ್ರೆ ಏರು ಹತ್ತಲ್ಲ. ಗಾಜು ತೆಗೆದಿದ್ರೆ ಏನೂ ಆಗಲ್ಲ ಅಂದ್ಕಂಡೆ."

"ಅವತ್ತು ಗಾಜು ಹಾಕಿತ್ತಲ್ಲ. ಕಂಬ್ಳಿ ಬೇರೆ ಕಟ್ಟಿತ್ತು. ಬಾಯಿಬಿಟ್ಟು ಹೇಳಾಕೇನಾಗಿತ್ತು?"

"ಹೇಳಿದ್ರೆ ಅವ್ರು ನನ್ ಗಾಡಿ ಹತ್ತತಿರ್ಲಿಲ್ಲ ಸಾಹೇಬ್ರೆ. ಮುಕ್ಕಾಲು ಗಂಟೆ ದಾರಿ, ಅಷ್ಟ್ರಾಗೆ ಏನಾಗ್ತದೆ ಅಂದ್ಕಂಡೆ."

"ಆಮೇಲೆ? ಚಿತ್ತಪ್ಪ ಇಲ್ಲಿ ಕಂಬಿ ಹಿಂದೆ ಕೂತಿದ್ದಾಗ, ನೀನು ಬಾವಿಗೆ ಹಾಕಿ ತೇಪೆ ಹೊಡೀತಿದ್ದೆ."

ಗೌಸ್ ಪೀರ್‌ನನ್ನು ಬಂಧಿಸಲಾಯಿತು. ಕೊಲೆಯ ಕಲಂ ಕೈಬಿಟ್ಟು, ನಿರ್ಲಕ್ಷ್ಯದಿಂದ ಸಾವು ಮತ್ತು ಸಾಕ್ಷ್ಯ ನಾಶದ ಕಲಂಗಳನ್ನು ಸೇರಿಸಿ ನ್ಯಾಯಾಲಯಕ್ಕೆ ವರದಿ ಹೋಯಿತು.

ಇಪ್ಪತ್ತನಾಲ್ಕರ ಮಧ್ಯಾಹ್ನ ಚಿತ್ತಪ್ಪನ ಬಿಡುಗಡೆಗೆ ಆದೇಶ ಬಂತು. ಕಾಟಯ್ಯ ಹೊರಗೆ ಬೇವಿನ ಮರದ ಕೆಳಗೆ ತಲೆ ಬಗ್ಗಿಸಿ ನಿಂತಿದ್ದ. ಚಿತ್ತಪ್ಪ ಬಾಗಿಲ ತನಕ ಹೋದವನು ತಿರುಗಿ ಬಂದ.

"ನನ್ ಕಂಬ್ಳಿ ಕೊಡ್ರಿ ಸಾಮಿ. ನಮ್ಮವ್ವ ನೂತಿದ್ದು."

"ಅದು ಕೋರ್ಟಿಗೆ ಹೋಗ್ಬೇಕಪ್ಪ."

"ಕಂಬ್ಳಿ ಯಾಕೆ? ಅದೇನ್ ಮಾಡೈತೆ?"

ಮರುಳಸಿದ್ದಪ್ಪ ಮೇಜಿನ ಮೇಲಿನ ರಿಜಿಸ್ಟರು ಮುಚ್ಚಿದ. ಆ ಕಂಬಳಿ ಇಲ್ಲದಿದ್ದರೆ ಮುಂದಿನ ಗಾಳಿ ಹಿಂದಕ್ಕೆ ಹೋಗುತ್ತಿತ್ತು, ಅವಳು ಬಹುಶಃ ಬದುಕುತ್ತಿದ್ದಳು. ಕೋರ್ಟಿನಲ್ಲಿ ಯಾರಾದರೂ ಒಬ್ಬ ವಕೀಲ ಇದನ್ನು ಅವನ ಮುಖಕ್ಕೇ ಹೇಳಿಯಾನು. ತನ್ನಿಂದ ಆಗಲಿಲ್ಲ.

"ಏನೂ ಮಾಡಿಲ್ಲ. ಬರೀ ಲೆಕ್ಕಕ್ಕೆ," ಎಂದ.

ಚಿತ್ತಪ್ಪ ತಲೆಯಾಡಿಸಿ ಹೊರಟ. ಮರದಡಿ ಕಾಟಯ್ಯ ತನ್ನ ಹೆಗಲ ಕಂಬಳಿ ತೆಗೆದು ತಂಗಿಯ ಗಂಡನ ಮೇಲೆ ಹೊದಿಸಿದ. ಇಬ್ಬರೂ ತಾಳ್ಯದ ಬಸ್ಸಿಗೆ ನಡೆದರು.

ಅದೇ ಸಂಜೆ ಗೌಸ್ ಪೀರ್‌ನನ್ನು ಇಲಾಖೆಯ ಜೀಪಿನಲ್ಲಿ ಚಿತ್ರದುರ್ಗದ ಜೈಲಿಗೆ ಕರೆದೊಯ್ದರು. ಹಿಂದೆ ಹನುಮಂತಪ್ಪನ ಪಕ್ಕದಲ್ಲಿ ಅವನು ಕೈಕೋಳದಲ್ಲಿ ಕುಳಿತಿದ್ದ. ಗುಡ್ಡದ ಏರು ಬಂತು. ಹಳೇ ಜೀಪು ಅರ್ಧಕ್ಕೆ ಏದುಸಿರು ಬಿಡತೊಡಗಿತು. ಡ್ರೈವರ್ ಬೈಯುತ್ತ ಗೇರು ಇಳಿಸಿದ. ಹಿಂದಿನಿಂದ ಸಣ್ಣ ದನಿ ಕೇಳಿ ಮರುಳಸಿದ್ದಪ್ಪ ತಿರುಗಿ ನೋಡಿದ. ಗೌಸ್ ಪೀರ್ ಕೋಳದ ಕೈಗಳನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿ, ಕಣ್ಣು ಮುಚ್ಚಿ, ಜೀಪನ್ನು ಒಳಗಿನಿಂದಲೇ ತಳ್ಳುತ್ತಿದ್ದ.

"ಹತ್ತಮ್ಮಾ," ಅನ್ನುತ್ತಿದ್ದ ಅವನು. "ಹತ್ತು, ಹತ್ತು."